ಕೊಂಬಿನವನ ಹಲ್ಲು

ಬಾಳೆ ಕಡಿಯುವ ಹೊತ್ತು. ಬಿಟ್ಟಂಗಾಲದ ಮದುವೆ.
ಉಸಿರು ತುಂಬಿ ಕೊಂಬನ್ನು ಆಕಾಶಕ್ಕೆ ಎತ್ತಿದ್ದೆ.
ಕುಣಿಯುತ್ತಿದ್ದ ಯಾರದೋ ಮೊಣಕೈ ಹಿತ್ತಾಳೆಗೆ ತಗುಲಿತು,
ಹಿತ್ತಾಳೆ ನನಗೆ ತಗುಲಿತು.
ಅರ್ಧ ಸ್ವರ ಹೊರಗೆ, ಅರ್ಧ ಗಂಟಲಲ್ಲಿ,
ಮೇಲಿನ ಎರಡು ಹಲ್ಲು ಅಂಗೈಯಲ್ಲಿ.
ಡೋಲಿನವರಿಗೆ ಗೊತ್ತಾಗಲಿಲ್ಲ,
ಬಡಿಯುತ್ತಲೇ ಇದ್ದರು.

ಮೊಣಕೈಯವರು ಒಳ್ಳೆಯವರು, ಅರ್ಧ ದುಡ್ಡು ಕೊಟ್ಟರು.
ಉಳಿದರ್ಧಕ್ಕೆ ಒಂದು ಕೊಯ್ಲಿನ ಕೂಲಿ ಪೂರ್ತಿ ಹೋಯಿತು,
ನನ್ನದೂ, ಲಚ್ಚಿಯದೂ.

ವಿರಾಜಪೇಟೆಯಲ್ಲಿ ಡಾಕ್ಟರ್ ಸಫೂರಾ
ತಿರುಪುಮೊಳೆಯೊಂದನ್ನು ನನ್ನ ಕೈಯಲ್ಲಿಟ್ಟರು.
ಭತ್ತದ ಕಾಳಿಗಿಂತ ತುಸು ದೊಡ್ಡದು, ಅಷ್ಟೇ.
"ದವಡೆಯಲ್ಲಿ ಇದನ್ನು ನೆಡುತ್ತೇನೆ. ಆಮೇಲೆ ಕಾಯಬೇಕು.
ಎಲುಬು ತಾನಾಗಿ ಬಂದು ಇದನ್ನು ಹಿಡಿದುಕೊಳ್ಳಬೇಕು."
ಊದಬಹುದಾ?
"ಊದುವ ಹಾಗಿಲ್ಲ."

ಕಕ್ಕಡದಲ್ಲಿ ನೆಟ್ಟರು. ಗದ್ದೆಯಲ್ಲೂ ನಾಟಿ.
ಮೆಣಸಿನ ಬಳ್ಳಿ ಮರ ಹಿಡಿಯುವುದು ನೋಡಿದ್ದೇನೆ,
ಹಗ್ಗ ಕಟ್ಟಿ ಕಲಿಸಬೇಕು ಮೊದಲ ಮಳೆಗೆ.
ಇಲ್ಲಿ ಮರವೇ ಬಳ್ಳಿಯ ಹತ್ತಿರ ಬರಬೇಕಂತೆ,
ಕತ್ತಲಲ್ಲಿ, ಯಾರೂ ಕರೆಯದೆ.

ಆ ವರ್ಷದ ಪುತ್ತರಿಗೆ ತಂಗಿಯ ಮಗ ಜಗ್ಗು ಊದಿದ.
ಅವನ ಸ್ವರ ಗದ್ದೆಯ ಏರಿ ದಾಟಲಿಲ್ಲ.
ನಾನು ನಾಲಿಗೆಯಿಂದ ಸಂದು ಮುಟ್ಟಿ ಮುಟ್ಟಿ
ಬಾಯಿ ಮುಚ್ಚಿಕೊಂಡು ಕೇಳಿದೆ.
ಹೇಳಬಾರದು, ಸ್ವಲ್ಪ ಖುಷಿಯೂ ಆಯಿತು.

ಮೇಲೆ ಬಿಳಿ ಟೋಪಿ ಕೂರಿಸಿದ ದಿನ ಕೇಳಿದೆ,
ಎಷ್ಟು ವರ್ಷ ಬಾಳುತ್ತದೆ ಡಾಕ್ಟ್ರೇ?
"ಟೋಪಿ ಹತ್ತು, ಹದಿನೈದು. ಸವೆದರೆ ಬೇರೆ ಹಾಕೋಣ.
ಒಳಗಿನದು ಇಪ್ಪತ್ತು ದಾಟಬಹುದು,
ನೀವು ನೋಡಿಕೊಂಡ ಹಾಗೆ."
ಹುಳುಕು ಹಿಡಿಯುವುದಿಲ್ಲವಲ್ಲ?
"ಇಲ್ಲ. ಆದರೆ ಅದಕ್ಕೆ ನೋವೂ ಇಲ್ಲ.
ಸುತ್ತಲ ವಸಡು ಕೆಟ್ಟರೂ ಬಾಯಿಬಿಟ್ಟು ಹೇಳುವುದಿಲ್ಲ.
ನಿಮಗೆ ತಿಳಿಯುವಷ್ಟರಲ್ಲಿ ಎಲುಬು ಕೈಬಿಟ್ಟಿರುತ್ತದೆ."

ಇದು ನನಗೆ ಹೊಸದಲ್ಲ.
ಕೊಂಬೂ ಹೇಳುವುದಿಲ್ಲ. ಹೊರಗೆ ಫಳಫಳ,
ಬಾಗಿನ ಒಳಗೆ ಹಸಿರು ಕಿಲುಬು.
ಅಜ್ಜ ಊದಿ ಮುಗಿಸಿದ ಮೇಲೆ ಎಂಜಲು ಕೊಡವಿ,
ಹುಣಸೆ ನೀರು ಹೊಯ್ದು,
ದಾರಕ್ಕೆ ಬಟ್ಟೆಯ ಚೂರು ಕಟ್ಟಿ
ಒಂದು ತುದಿಯಿಂದ ಇನ್ನೊಂದಕ್ಕೆ ಎಳೆಯುತ್ತಿದ್ದ,
ಸಾವಿನ ಮನೆಯಿಂದ ನಡುರಾತ್ರಿ ಬಂದರೂ.
ಈಗ ನಾನು ಹಲ್ಲಿನ ಸಂದಿಗೆ ದಾರ ಎಳೆಯುತ್ತೇನೆ,
ಮೆತ್ತಗಿನ ಬ್ರಷ್ಷು, ಸಂದಿಗೊಂದು ಪುಟ್ಟ ಬ್ರಷ್ಷು,
ಆರು ತಿಂಗಳಿಗೊಮ್ಮೆ ವಿರಾಜಪೇಟೆಯ ಬಸ್ಸು.
ಲಚ್ಚಿ ಚಿಮಣಿ ಆರಿಸುತ್ತಾ ಅನ್ನುತ್ತಾಳೆ,
"ನನ್ನ ಕಡೆ ಒಂದು ದಿನ ಹೀಗೆ ನೋಡಿದ್ದೀಯಾ?"

ಕಡ್ಡಿಪುಡಿ ಬಿಟ್ಟೆ.
ಡಾಕ್ಟರಿಗೆ ಹಾಗೆಂದು ಹೇಳಿದ್ದೇನೆ.
ಕೈಲುಪೊಳ್ದಿನ ದಿನ ಒಂದು ಚಿಟಿಕೆ,
ಮತ್ತೆ ಚಾಮಿಯ ಸಾವಿನ ದಿನ.
ಅವನ ಜೊತೆ ಇಪ್ಪತ್ತು ವರ್ಷ ಡೋಲಿಗೆ ಕೊಂಬು ಊದಿದ್ದೆ,
ಬಾಯಿ ಖಾಲಿ ಇಟ್ಟುಕೊಂಡು ಹೇಗೆ ನಿಲ್ಲುವುದು?

ಮೂರನೆಯ ದಿನ ಬೂದಿ ಕೆದಕಿದಾಗ
ಅವನ ತೊಡೆಯ ಸ್ಟೀಲು ಸರಳು ಸಿಕ್ಕಿತು,
ಹೊಗೆ ಬಣ್ಣ ಹತ್ತಿತ್ತು, ಬಾಗಿರಲಿಲ್ಲ.
ಅವನ ಮಗ ಅದನ್ನು ತೊಳೆದು ಏನು ಮಾಡುವುದೆಂದು ತಿಳಿಯದೆ
ಜೇಬಿನಲ್ಲಿಟ್ಟುಕೊಂಡ.
ಮನೆಗೆ ಬಂದು ಕನ್ನಡಿ ಮುಂದೆ
ತುಟಿ ಎತ್ತಿ ನೋಡಿಕೊಂಡೆ.

ಬರುವ ಮದುವೆಯ ಕಾಲಕ್ಕೆ ಜಗ್ಗುವೂ ಊದುತ್ತಾನೆ.
ದಾರ, ಬಟ್ಟೆ, ಹುಣಸೆ ನೀರು ಎಲ್ಲ ತೋರಿಸಿಕೊಟ್ಟೆ.
ಅವನು ತಲೆಯಾಡಿಸಿದ, ಅರ್ಧ ಕೇಳಿಸಿಕೊಂಡ.
ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಇನ್ನೊಂದು ಹೇಳಿದೆ,
ಬಾಳೆ ಕಡಿಯುವಾಗ
ಕುಣಿಯುವವರಿಂದ ಎರಡು ಮಾರು ದೂರ ನಿಲ್ಲು, ಮಗಾ.