ಖರಾಬು

ಪಹಣಿಯಲ್ಲಿ ಆ ನೆಲದ ಹೆಸರು ಖರಾಬು.
ಮೂರು ಎಕರೆ ಹನ್ನೊಂದು ಗುಂಟೆ,
ಬೆಳೆಯ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ.
ಸಾಣಾಪುರ ಕೆರೆಯಿಂದ ಕೂಗಳತೆ ದೂರ,
ಬಂಡೆ, ಬಂಡೆಯ ಮೇಲೆ ಬಂಡೆ, ಸಂದಿಯಲ್ಲಿ ಬಾರಿಕಂಟಿ,
ನೇಗಿಲಿಗೂ ಬೈಗುಳ ಕಲಿಸುವಂಥ ಜಾಗ.

ಅಲ್ಲಿ ಒಂಬತ್ತು ಬುಟ್ಟಿ ನಿಲ್ಲಿಸಿದವನು ನಾನು,
ಗಂಗಾವತಿಯ ವೆಲ್ಡರ್ ಖಾಜಾಸಾಬ.
ಕಿಟಕಿಗೆ ಸರಳು, ಮಿಲ್ಲಿನ ಜರಡಿಗೆ ತೇಪೆ,
ಇಷ್ಟೇ ಗೊತ್ತಿದ್ದ ಕೈಗೆ
ಯಂಕೋಬಣ್ಣ ಮೊಬೈಲಿನಲ್ಲಿ ಚಿತ್ರ ತೋರಿಸಿ
"ಇಂಥವು ಒಂಬತ್ತು ಬೇಕು" ಎಂದ.
"ಏನು ಹಾಕ್ತಿ ಇದರಾಗ, ಟೊಮೆಟೊ?"
"ತಾಟು. ಉಣ್ಣೂದಲ್ಲ, ಹಾರೂದು."

ಬಂಡೆ ಹತ್ತಲು ಬಂದ ಪರದೇಶದವನೊಬ್ಬ
ಎರಡು ತಿಂಗಳ ಬಾಡಿಗೆಯ ಬದಲು
ಒಂದು ಚೀಲ ತಾಟು ಬಿಟ್ಟುಹೋಗಿದ್ದನಂತೆ.
ಯಂಕೋಬಣ್ಣ ಜಗಳ ತೆಗೆಯಬಹುದಿತ್ತು.
ಒಂದನ್ನು ಎಸೆದು ನೋಡಿದ.
ಅಷ್ಟೇ ಆದದ್ದು.

ಸರಪಳಿ ಗುಜರಿಯಲ್ಲಿ ಆರಿಸಿ ತಂದೆ:
ಎಮ್ಮೆ ಕಟ್ಟಿದ್ದು, ಜೋಕಾಲಿಯದು, ಲಾರಿಯ ಹಿಂಬಾಗಿಲಿನದು.
ಹಾಗಾಗಿ ಒಂದರ ದನಿ ಇನ್ನೊಂದಕ್ಕಿಲ್ಲ.
ಮೂರನೆಯದಕ್ಕೆ ತಾಟು ಬಿದ್ದರೆ
ಎಮ್ಮೆ ಕೊರಳು ಕೊಡವಿದ ಹಾಗೆ.
ಏಳನೆಯದು ಚಿಲ್ಲರೆ ಚೆಲ್ಲಿದ ಹಾಗೆ.
ಒಂಬತ್ತನೆಯದು ಸ್ವಲ್ಪ ವಾಲಿದೆ; ಕೆಳಗೆ ಬಂಡೆ, ಗುಂಡಿ ಇಳಿಯಲಿಲ್ಲ,
ಅದು ನನ್ನ ತಪ್ಪಲ್ಲ.

ಆಟಕ್ಕೆ ಮೂವತ್ತು ರೂಪಾಯಿ.
ಕಂಟಿಯೊಳಗೆ ಕಳೆದ ತಾಟು ಹುಡುಕಿಕೊಟ್ಟ ಮಕ್ಕಳಿಗೆ ಪುಕ್ಕಟೆ.
ಕುರಿ ಕಾಯುವ ದುರುಗಿ ದಿನಕ್ಕೆ ನಾಲ್ಕು ಹುಡುಕುತ್ತಾಳೆ,
(ನಾಲ್ಕೂ ಅವಳೇ ಬಚ್ಚಿಟ್ಟಿದ್ದು, ಯಂಕೋಬಣ್ಣನಿಗೆ ಗೊತ್ತು)
ಎಡಗೈ ಹುಡುಗಿ.
ಆನೆಗುಂಡಿನ ಮರೆಯ ಬುಟ್ಟಿ ಯಾರಿಗೂ ಕಾಣುವುದಿಲ್ಲ,
ಅವಳ ತಾಟು ಬಂಡೆಯ ಬೆನ್ನು ಸವರಿಕೊಂಡು ತಿರುಗಿ
ಝಲ್ ಎನ್ನುತ್ತದೆ.
ಕುರಿಗಳೂ ತಲೆಯೆತ್ತುತ್ತವೆ.

ಈಗ ಹೊಸಪೇಟೆಯಿಂದ ಒಬ್ಬ ಟೇಪು ಹಿಡಿದು ಬಂದಿದ್ದ,
ಕಾಟೇಜು ಎಷ್ಟು ಕೂಡುತ್ತವೆಂದು ಅಳೆದ.
ಗ್ರಾನೈಟಿನವನೊಬ್ಬ ಸುತ್ತಿಗೆಯಿಂದ ಆನೆಗುಂಡು ತಟ್ಟಿ
ಕಿವಿಗೊಟ್ಟು ಕೇಳಿದ, ವೈದ್ಯನ ಹಾಗೆ.
ಗೇಟಿಗೆ ಯಾವ ಇಲಾಖೆಯದೋ ನೋಟೀಸು,
ಮಳೆಗೆ ಮಸಿ ಇಳಿದು ಸಹಿ ಮಾತ್ರ ಉಳಿದಿದೆ.
ತಮ್ಮಂದಿರಿಬ್ಬರು ಪಾಲು ಕೇಳುತ್ತಿದ್ದಾರೆ;
ನಾಲ್ಕನೆಯ ಬುಟ್ಟಿಯಿಂದ ಆಚೆ ಯಾರದು
ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

"ನಾ ಇರೂತನಕ ಐತಿ" ಅನ್ನುತ್ತಾನೆ ಯಂಕೋಬಣ್ಣ,
ಮೊಣಕಾಲಿಗೆ ಎಣ್ಣೆ ತಿಕ್ಕುತ್ತ.

ಸರಕಾರದ ಮೈದಾನ ಕೆಟ್ಟರೂ ಇರುತ್ತದೆ.
ಗೋಲ್ ಕಂಬ ಬಾಗಲಿ, ಮದುವೆಯ ಪೆಂಡಾಲು ಬೀಳಲಿ,
ಕಾಗದದಲ್ಲಿ ಅದು ಮೈದಾನವೇ.
ಇದು ಒಬ್ಬನ ಮೊಣಕಾಲಿನ ಮೇಲೆ ನಿಂತ ಆಟ.
ಕಾಗದದಲ್ಲಿ ಖರಾಬು.

ಮೊನ್ನೆ ಕರೆಸಿದ್ದ.
"ಸುಮ್ನ ಕೇಳ್ತೀನಿ, ಕೊಯ್ಯಾಕ ಒಂದಕ್ಕ ಎಷ್ಟು ತಗೊಂತಿ?"
ಮಾಡುವುದಕ್ಕೆ ಸಾವಿರದ ಎಂಟುನೂರು ಹೇಳಿದ್ದೆ,
ಅದಕ್ಕೆ ರಾತ್ರಿಯೆಲ್ಲ ಲೆಕ್ಕ ಹಾಕಿದ್ದೆ.
ಇದಕ್ಕೆ ಬಾಯಿಗೆ ಬಂದದ್ದು ಆರುನೂರು.
ಹೇಳಿದ ಮೇಲೆ ನಾನೂ ಮಾತಾಡಲಿಲ್ಲ, ಅವನೂ.

ಗಾಳಿ ಬೀಸಿ ಏಳನೆಯದು ಸ್ವಲ್ಪ ಚಿಲ್ಲರೆ ಎಣಿಸಿತು.

ಕೊನೆಗೆ ಅವನೇ ಅಂದ,
"ಬಂದೀಯಲ್ಲ, ಐದನೇದರದ್ದು ಒಂದು ಕೊಂಡಿ ಬಿಟ್ಟೈತಿ,
ಹಾಕಿ ಹೋಗು."

ಸಾಮಾನು ಇಳಿಸಿದೆ, ಬೆಸೆದೆ.
ತಲೆಯೆತ್ತಿದರೆ ದುರುಗಿ ಗೆರೆಯ ಮೇಲೆ
ಎಡಗೈ ಹಿಂದಕ್ಕೆಳೆದು ನಿಂತಿದ್ದಾಳೆ.
"ತಡಿಯವ್ವ, ಇನ್ನೂ ಕೆಂಪಗೈತಿ, ತಾಟು ಕರಗತೈತಿ."
ಅವಳು ತಾಟನ್ನು ಎದೆಗವುಚಿ
ಕಬ್ಬಿಣ ಆರುವುದನ್ನೇ ನೋಡುತ್ತ
ಕುಕ್ಕರಗಾಲಲ್ಲಿ ಕುಳಿತಳು.