ಕಂಬಗಳ ಮನೆ

ನಮ್ಮ ಮನೆಗೆ ಗೋಡೆಯಿಲ್ಲ.
ಹದಿನಾಲ್ಕು ಕಂಬ, ಮೇಲೊಂದು ಸೂರು, ಕೆಳಗೆ ಚಾಪೆ.
ಸಮುದ್ರ ಕಾಣಬೇಕು, ದಾರಿಹೋಕ ಕಾಣಬೇಕು,
ಕಂಡವನನ್ನು ಉಣ್ಣಲು ಕರೆಯಬೇಕು.
ಸಮೋವಾದಲ್ಲಿ ನನ್ನಪ್ಪ ಕಲಿಸಿದ ಮರ್ಯಾದೆ ಇಷ್ಟೇ.

ದಡಾರ ಬಂದ ವರ್ಷ
ಕಂಬದಿಂದ ಕಂಬಕ್ಕೆ ತೆಂಗಿನ ಗರಿಯ ತಟ್ಟಿ ಇಳಿಬಿಟ್ಟೆ,
ಅದರ ಮೇಲೆ ಟಾರ್ಪಾಲು, ಅದರ ಮೇಲೆ
ಹೆಂಡತಿ ಮದುವೆಗೆ ತಂದ ನಯದ ಚಾಪೆ.
ಗಾಳಿ ನಕ್ಕಿತು. ಸಂದಿಯಲ್ಲೆಲ್ಲ ಬೆರಳು ತೂರಿಸಿ ನಕ್ಕಿತು.

ಒಳಗೆ ಫೆಟುವಾವೊ, ಆರು ವರ್ಷ.
ಆಕ್ಲೆಂಡಿನ ಆಸ್ಪತ್ರೆಯಲ್ಲಿ ಹನ್ನೊಂದು ತಿಂಗಳಿದ್ದು
ರಕ್ತದ ಕ್ಯಾನ್ಸರನ್ನು ಅಲ್ಲೇ ಬಿಟ್ಟು,
ಕೂದಲನ್ನೂ ಅಲ್ಲೇ ಬಿಟ್ಟು ಬಂದವಳು.
"ಈ ಲಸಿಕೆ ಇವಳಿಗೆ ಈಗ ಕೂಡದು," ಅಂದಳು ನರ್ಸು,
"ಅದರೊಳಗಿರುವುದೂ ಜೀವವೇ, ಸೋತ ಜೀವ.
ಇವಳ ಮೈ ಅದಕ್ಕೂ ಸೋತೀತು.
ಉಳಿದವರೆಲ್ಲ ತೋಳು ಚಾಚಿ."

ಚಾಚಿದೆವು. ಅಜ್ಜಿ ಮಟಾಲೆನಾ ಎಲ್ಲರಿಗಿಂತ ಮೊದಲು.
"ಇನ್ನೊಂದು ತೋಳಿಗೂ ಹಾಕು, ಅದು ಮಗುವಿನ ಪಾಲು"
ಎಂದು ಜಗಳ ತೆಗೆದಳು.
ಬೇಲಿಗೆ ಕೆಂಪು ಬಟ್ಟೆ ಕಟ್ಟಿದೆವು,
ಸೂಜಿ ಆಗದವರು ಇಲ್ಲಿದ್ದಾರೆ ಎಂದು.
ಸೂಜಿಯವರು ಬಂದು ಹೋದರು. ಬಟ್ಟೆ ಉಳಿಯಿತು.

ತಂಗಿ ಲೊಸಿವಾಲೆ ಸೂಜಿಗೆ ಹೆದರಿದವಳು.
ಹಿಂದೊಮ್ಮೆ ಸೂಜಿ ಕೈಕೊಟ್ಟ ಕತೆ ಎಲ್ಲರ ಕಿವಿಯಲ್ಲೂ ಇತ್ತು,
ಅವಳನ್ನು ಬೈಯಲಾರೆ.
ನಡುರಾತ್ರಿ ಬಂದಳು, ಹೆಗಲ ಮೇಲೆ ಟೋಮಾಸಿ,
ಮೈತುಂಬ ಕೆಂಪು, ಕಣ್ಣು ಅಂಟಿಕೊಂಡು.

ಬಾಗಿಲಿದ್ದರೆ ಮುಚ್ಚಬಹುದಿತ್ತು.
ಬಾಗಿಲಿದ್ದರೆ ಅದರ ಹಿಂದೆ ನಿಂತು, ಮುಖ ತೋರಿಸದೆ,
ಬೇಡ ಅನ್ನಬಹುದಿತ್ತು.
ಹೊಸ್ತಿಲೇ ಇಲ್ಲದ ಮನೆಯಲ್ಲಿ
ಹವಳದ ಬಿಳಿಗಲ್ಲುಗಳ ಅಂಚಿಗೆ ಬಂದು
ಒಡಹುಟ್ಟಿದವಳಿಗೆ "ಅಲ್ಲೇ ನಿಲ್ಲು" ಅಂದೆ.
ನಿಂತಳು. ಅದೇ ನನ್ನನ್ನು ಇವತ್ತಿಗೂ ತಿನ್ನುತ್ತದೆ,
ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ.
"ಬಸ್ಸಿದೆಯಲ್ಲ ಅಣ್ಣ," ಅಂದಳು, ಅಷ್ಟೇ.

ನನ್ನ ಬಸ್ಸು ಮರದ್ದು, ಕಿಟಕಿಗೆ ಗಾಜಿಲ್ಲ.
ಜಾಗ ಸಾಲದಾಗ ಒಬ್ಬರ ತೊಡೆಯ ಮೇಲೊಬ್ಬರು ಕೂತು
ಊರಿಗೆ ಊರೇ ಪೇಟೆಗೆ ಹೋಗಿ ಬರುವ ಬಸ್ಸು.
ಆ ರಾತ್ರಿ ಹಿಂದಿನ ಸೀಟಿನಲ್ಲಿ ಇಬ್ಬರೇ.
ಕೀಲಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆ?
ಒಂದು ನಿಮಿಷ, ಅನ್ನುತ್ತಾಳೆ ಹೆಂಡತಿ.
ತಂಗಿ ಏನೂ ಅನ್ನುವುದಿಲ್ಲ.

ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ.
ಕೆಸುವಿನ ಹೊಲದಾಚೆ ಬಸ್ಸು ನಿಲ್ಲಿಸಿ
ಇಪ್ಪತ್ತೊಂದು ರಾತ್ರಿ ಅದರಲ್ಲೇ ಮಲಗಿದೆ.
"ನಿನಗೆ ಸೂಜಿ ಆಗಿದೆ, ಮನೆಗೆ ಹೋಗು," ಅಂದಳು ನರ್ಸು.
ಇರಬಹುದು. ನನ್ನ ಅಂಗಿಗೆ ಆಗಿದೆಯೆ?
ಲೆಕ್ಕ ಬಲ್ಲವರ ಮಾತು ಅಪ್ಪನ ಹೊಟ್ಟೆಗೆ ಇಳಿಯುವುದಿಲ್ಲ.
ಅಜ್ಜಿ ಸುಟ್ಟ ದೀವಿಹಲಸನ್ನು ಕಲ್ಲಿನ ಮೇಲಿಟ್ಟು ಹೋಗುವಳು,
ಇರುವೆಗಿಂತ ಮೊದಲು ನಾನು ಓಡಬೇಕು.

ಸಂಜೆ, ತಟ್ಟಿಯ ಸಂದಿಯಿಂದ ಟಾರ್ಚು.
ಮೂರು ಸಲ ಮಿಣುಕಿದರೆ, ಜ್ವರವಿಲ್ಲ.
ನಾನು ಹೆಡ್‌ಲೈಟು ಹಾಕಿ ಆರಿಸಿದರೆ, ಸರಿ, ಮಲಗು.
ಒಂಬತ್ತನೆಯ ರಾತ್ರಿ ಎರಡೇ ಸಲ.
ಕಾದೆ.
ಹೊಲದ ಅರ್ಧದವರೆಗೂ ಓಡಿ, ಕೆಸರಲ್ಲಿ ನಿಂತು,
ಮುಂದೆ ಹೋಗಲಾರದೆ ಕೂಗಿದೆ.
"ಅಪ್ಪಾ, ಸೆಲ್ಲು ಮುಗೀತು!" ಅಂದಳು ನಗುತ್ತ.
ಆ ನಗುವಿನಲ್ಲಿ ಕೆಮ್ಮು ಹುಡುಕಿದೆ. ಇರಲಿಲ್ಲ.

ದಡಾರ ಹೋಯಿತು. ತಟ್ಟಿ ಮೇಲೆತ್ತಿದೆವು.
ಫೆಟುವಾವೊಗೆ ಈಗ ಎರಡು ಜಡೆ.
ಟೋಮಾಸಿ ಬದುಕಿದ, ಎಡಗಿವಿಯನ್ನು ಕೊಟ್ಟು.
ಭಾನುವಾರ ಇಬ್ಬರೂ ಕಂಬದಾಟ ಆಡುತ್ತಾರೆ,
ಅವಳು ಅವನ ಬಲಕ್ಕೇ ಬಂದು ಕೂಗುತ್ತಾಳೆ,
ಯಾರೂ ಹೇಳಿಕೊಟ್ಟದ್ದಲ್ಲ.

ಲೊಸಿವಾಲೆ ಬರುತ್ತಾಳೆ, ಉಣ್ಣುತ್ತಾಳೆ,
ನನ್ನ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಾಳೆ.
ಆದರೆ ಬಂದಾಗಲೆಲ್ಲ ಬಿಳಿಗಲ್ಲಿನ ಅಂಚಿನಲ್ಲಿ
ಒಂದು ಕ್ಷಣ ನಿಲ್ಲುತ್ತಾಳೆ,
ನಾನು "ಬಾ" ಅನ್ನುವ ತನಕ.