ಉಳಿದ ಹನ್ನೊಂದು ನಿಮಿಷ

ಇಲ್ಲಿಗೆ ಬರುವ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು.
ವಿರಾಜಪೇಟೆಯ ಗಾಳಿಯೇ ಹಾಗೆ,
ಬೆಲ್ಟು, ಬೈಬಲ್ಲು, ಖುರಾನು, ಮದುವೆಯ ಆಲ್ಬಮ್ಮು
ಯಾವುದನ್ನೂ ಬಿಡುವುದಿಲ್ಲ.
ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸುತ್ತೇನೆ
ಮೊಳ ಮೊಳ, ಕೂಸಿನ ಕಿವಿ ಒರೆಸಿದ ಹಾಗೆ.

ಪೊನ್ನವ್ವ ತಂದದ್ದಕ್ಕೆ ಮಾತ್ರ ಹೊಗೆಯ ವಾಸನೆ.
ಬಿಸ್ಕತ್ತಿನ ತಗಡಿನ ಡಬ್ಬದಲ್ಲಿಟ್ಟು
ಒಲೆಯ ಮೇಲೆ, ಹಂದಿಮಾಂಸ ಒಣಗುವ ತೊಲೆಗೆ
ಕಟ್ಟಿದ್ದರಂತೆ.
ಮೂವತ್ತು ಮಳೆಗಾಲ.
ಒಂದು ಬಿಳಿ ಚುಕ್ಕೆ ಇಲ್ಲ.

"ಮದುವೆಯದು. ಪೂರ್ತಿ ಬೇಕು" ಅಂದರು.
ಅಯ್ಯಣ್ಣ ಮೇಲೆ ಬರಲಿಲ್ಲ,
ಮಂಡಿನೋವು, ಕೆಳಗೆ ಜೀಪಿನಲ್ಲೇ ಇರುತ್ತಾರಂತೆ.

ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ.
ಎರಡು ಗಂಟೆಯ ಟೇಪಿಗೆ ಎರಡೇ ಗಂಟೆ.
ಎಷ್ಟು ಹೊಸ ಕಂಪ್ಯೂಟರಾದರೂ
ಊಟದ ಪಂಕ್ತಿಯ ಕೊನೆಗೆ ಕೂತ ನೆಂಟನಂತೆ
ಕಾಯಲೇಬೇಕು.

ಗುಂಡಿ ಒತ್ತಿದೆ.
ಅವಲಕ್ಕಿ ಚೆಲ್ಲಿದ ಹಾಗೆ ಚುಕ್ಕಿಗಳು,
ಒಂದು ಅಡ್ಡಗೆರೆ, ಆಮೇಲೆ ಹಸಿರು.
ಹಸಿರಿನ ಮೇಲೆ ಓಡುವವರು.
ಕೈಯಲ್ಲಿ ಕೋಲು.

ಹಾಕಿ.

ಕ್ಯಾಸೆಟ್ಟಿನ ಬೆನ್ನಿನ ಚೀಟಿಯಲ್ಲಿ ದುಂಡಗೆ ಬರೆದಿತ್ತು
ಇಬ್ಬರ ಹೆಸರು, ಮದುವೆ, ಒಂದು ಗುಲಾಬಿ.
ಮೂಲೆಯ ಪ್ಲಾಸ್ಟಿಕ್ ಹಲ್ಲು ಮಾತ್ರ ಹಾಗೇ ಇತ್ತು.
ಅದನ್ನು ಮುರಿದಿದ್ದರೆ
ಯಾರೂ ಅದರ ಮೇಲೆ ಬರೆಯಲಾಗುತ್ತಿರಲಿಲ್ಲ.

"ಸಫೂರಾ, ಅಡಿಯಲ್ಲಿ ಇರುತ್ತಲ್ಲ?
ಸುಣ್ಣ ಕೆರೆದರೆ ಹಳೇ ಬಣ್ಣ ಸಿಗುತ್ತಲ್ಲ, ಹಾಗೆ?"

ಟೇಪಿಗೆ ಅಡಿ ಅನ್ನುವುದಿಲ್ಲ, ಅಂದೆ.
ಅವರು ಸ್ಟೂಲು ಎಳೆದುಕೊಂಡರು.
ಚಹಾ ತರಿಸಿದೆ.
ಪಂದ್ಯ ನೋಡಿದೆವು, ಬೇರೇನು ಮಾಡುವುದು,
ಅರ್ಧ ವಿರಾಮ, ಹೆಚ್ಚುವರಿ ಆಟ, ಸ್ಟ್ರೋಕುಗಳು.
ಸೋತರು.
"ಸೋತದ್ದನ್ನು ಹಿಡಿದಿಟ್ಟಿದ್ದಾನೆ ನೋಡು" ಅಂದರು ಪೊನ್ನವ್ವ.

ಒಂದು ಗಂಟೆ ನಲವತ್ತೊಂಬತ್ತನೇ ನಿಮಿಷಕ್ಕೆ
ಮಾತಾಡುವವನ ಬಾಯಿ ಅರ್ಧಕ್ಕೇ ಕತ್ತರಿಸಿ
ವಾಲಗ ನುಗ್ಗಿತು.

ಮೂಲೆಯಲ್ಲಿ ಯಾರೂ ತಿದ್ದದ ತಪ್ಪು ತಾರೀಖು.
ಗಂಗಾಪೂಜೆ ಮುಗಿಸಿ ಬಾವಿಯಿಂದ ಬರುವ ದಾರಿ.
ಕುಪ್ಯದ ಗಂಡಸರು, ಹುರುಪಿನ ಅತ್ತೆಯರು,
ದಾರಿ ಬಿಡದೆ ಕುಣಿತ.
ಕ್ಯಾಮೆರಾದವನಿಗೂ ಕುಣಿಯುವವರೇ ಬೇಕು.
ಮದುಮಗಳು ಅಂಚಿನಲ್ಲಿ:
ಒಮ್ಮೆ ಮೊಣಕೈ,
ಒಮ್ಮೆ ಕೆಂಪು ಸೀರೆಯ ಒಂದು ಪಾಲು,
ಒಮ್ಮೆ ತಲೆಯ ಮೇಲಿನ ಕೊಡ ಮಾತ್ರ.
ಹನ್ನೊಂದು ನಿಮಿಷದಲ್ಲಿ
ಅವಳು ಇಟ್ಟದ್ದು ನಾಲ್ಕು ಹೆಜ್ಜೆ.

"ಈಗ ನೋಡು," ಅಂದರು, "ಈಗ.
ಬಲಗಾಲಿಗೆ ಕೆಂಜಿಗ ಕಚ್ಚಿತು."

ಹಿಂದಕ್ಕೆ ತಿರುಗಿಸಿ ಮತ್ತೆ ಬಿಟ್ಟೆ.
ಹುಬ್ಬು ಒಂದು ಎಳೆ ಅಲುಗಿತು.
ಕೊಡ ಅಲುಗಲಿಲ್ಲ.
ಮತ್ತೆ ಬಿಟ್ಟೆ.
ಹುಬ್ಬು. ಕೊಡ ಇಲ್ಲ.
ಅಲ್ಲಿದ್ದ ಮುನ್ನೂರು ಜನರಲ್ಲಿ ಯಾರಿಗೂ ತಿಳಿಯದ್ದು
ಈಗ ಇಬ್ಬರಿಗೆ ಗೊತ್ತು.

ಹೊಸ್ತಿಲು ಕಾಣುವ ಮೊದಲೇ ಟೇಪು ಮುಗಿಯಿತು.
"ಆಮೇಲೆ ಇಳಿಸಿದೆ ಬಿಡು," ಅಂದರು,
ಪಲ್ಲಕ್ಕಿಯಿಂದಲ್ಲ, ಬಸ್ಸಿನಿಂದ ಇಳಿದವರಷ್ಟು ಸಲೀಸಾಗಿ.

ಪಂದ್ಯವನ್ನು ತೆಗೆದುಬಿಡಲೇ, ಕೇಳಿದೆ.
ಕೆಳಗೆ ಹಾರ್ನ್ ಒಮ್ಮೆ ಕೂಗಿತು, ಸಣ್ಣಗೆ,
ತಪ್ಪು ಗೊತ್ತಿದ್ದವರ ಹಾರ್ನ್.
"ಇರಲಿ," ಅಂದರು. "ಅವನ ಮದುವೆ ಅದು."

ಪೆನ್ ಡ್ರೈವು ರವಿಕೆಯೊಳಗೆ ಹೋಯಿತು.
ಕ್ಯಾಸೆಟ್ಟು ಮತ್ತೆ ಡಬ್ಬಕ್ಕೆ, ತೊಲೆಗೆ.
ಕೊಡುವ ಮೊದಲು
ಸ್ಕ್ರೂಡ್ರೈವರಿನ ತುದಿಯಿಟ್ಟು
ಮೂಲೆಯ ಆ ಹಲ್ಲನ್ನು ಮುರಿದೆ.